ಬಾಣಂತಿಯ ಎಡಗಾಲು

ಗಂಗೂ ಎಣ್ಣೆ ಸೋಸುತ್ತಿದ್ದಳು. ಗಂಡ ತುಳಸಿದಾಸ ಹಳೆಯ ಪಂಚೆಯ ತುಂಡನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಹಿಡಿದುಕೊಂಡಿದ್ದ. ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಓಮ, ಹಸಿ ಅರಿಶಿನ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದ ತೆಂಗಿನೆಣ್ಣೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಸೊಪ್ಪಿನ ಚರಟ ಹಿಂಡಿ ಮುಗಿಸಿ ಗಂಗೂ ಸೊಂಟದ ಡಬ್ಬಿ ತೆಗೆದು ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿದಳು.

"ನೀನು ಹೋಗಿ ಮೀಯು. ಬಾಟ್ಲಿಗೆ ನಾನು ತುಂಬ್ತೆ" ಅಂದ ತುಳಸಿದಾಸ.

ಮದುವೆಯಾದಂದಿನಿಂದ ಉಂಡ ಬಟ್ಟಲು ಎತ್ತಿಡದ ಗಂಡ, ಈ ಸಲದ ಮಳೆಗಾಲ ಮುಗಿದ ಮೇಲೆ ಅವಳು ಬಾಣಂತಿಯರಿಗೆ ತಿಕ್ಕುವ ಈ ಎಣ್ಣೆಯ ಕೆಲಸಕ್ಕೆ ಮಾತ್ರ ತಾನಾಗಿ ಬಂದು ಕೂಡುತ್ತಿದ್ದ. ಬಾಟಲಿಗೆ ತುಂಬುವುದು, ಗಂಗೂನ ಹಳೆಯ ನವಿಲುಬಣ್ಣದ ಸೀರೆಯನ್ನು ಹರಿದು ಬಿರಡೆ ಸುತ್ತುವುದು, ಎಲ್ಲ ಅವನದೇ. ಕಡೆಗಾಲಕ್ಕಾದರೂ ಬುದ್ಧಿ ಬಂತಲ್ಲ ಎಂದು ಗಂಗೂ ಒಳಗೊಳಗೇ ಹಿಗ್ಗಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಜಯಂತಿ ಬೇಲಿ ದಾಟಿ ಬಂದಳು. ಕೇರಿಯ ಸುದ್ದಿಯೆಲ್ಲ ಅವಳ ಬಾಯಲ್ಲಿ ಒಮ್ಮೆ ಮುಳುಗೆದ್ದೇ ಮುಂದೆ ಹೋಗಬೇಕು.

"ಗಂಗಕ್ಕ, ಗೊತ್ತಾಯ್ತಾ? ಮಾದೇವಕ್ಕನ ಮಗ್ಳಿಗೆ ಎಣ್ಣೆ ಹಚ್ಚೂಕೆ ಇವತ್ತಿಂದ ಕಾರವಾರದ ಲತಾ ಅಂತ ಒಂದು ಹುಡ್ಗಿ ಬತ್ತದಂತೆ. ದೇವಬಾಗದ ರೆಸಾರ್ಟಿನಲ್ಲಿ ಕೆಲ್ಸ ಕಲ್ತು ಈಗ ಸ್ವಂತ ಮಸಾಜ್ ಸೆಂಟರ್ ಹಾಕ್ಯದೆ. ಅಳಿಯನೇ ಹೇಳ್ದಾ ಕಾಣ್ತದೆ."

ತುಳಸಿದಾಸನ ಕೈಯಿಂದ ಲಾಳಿಕೆ ಜಾರಿ ಬಿತ್ತು. ಗಂಗೂ ಅತ್ತ ನೋಡಲೇ ಇಲ್ಲ. ಅವಳ ಹೊಟ್ಟೆಯೊಳಗೆ ಯಾರೋ ಗೇರುಬೀಜ ಸುಡಲು ಕೂತಂತಾಗಿತ್ತು. ಉರಿ, ಹೊಗೆ, ನಡುನಡುವೆ ಚಟಪಟ.

ಮಾದೇವಿ ರಕ್ಷಿತಾಳನ್ನು ಹೆತ್ತಾಗ ತಿಕ್ಕಿದವಳು ಗಂಗೂ. ರಕ್ಷಿತಾಳ ಚಪ್ಪಟೆ ಮೂಗನ್ನು ಎಣ್ಣೆ ಹಚ್ಚಿ ಎಳೆದೆಳೆದು ನೆಟ್ಟಗೆ ಮಾಡಿದವಳೂ ಅವಳೇ. ಈಗ ಆ ಮೂಗಿನ ಬಾಣಂತನ ಬೇರೆಯವರಿಗೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಮಾದೇವಿಯ ಮನೆಗೆ ಮಿಕ್ಸರು ಬಂದ ಮೇಲೆ ಕೇರಿಯ ಅಡುಗೆಮನೆಗಳಲ್ಲಿ ಒಂದು ಒರಳೂ ಉಳಿದಿರಲಿಲ್ಲ. ಇವತ್ತು ಆ ಮನೆ ತಪ್ಪಿದರೆ ನಾಳೆ ಗಂಗೂ ಕೂಡ ಆ ಒರಳುಗಳ ಜೊತೆ ಹಿತ್ತಿಲಲ್ಲಿ ಕೂರಬೇಕು.

ಅವಳು ಮೀಯಲಿಲ್ಲ. ಗಂಡ ಆಗಲೇ ತುಂಬಿ ಕಪಾಟಿನಲ್ಲಿಟ್ಟಿದ್ದ ಬಾಟಲಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು.

"ಏ ಗಂಗೂ, ಅದಲ್ದೇ..." ಎಂದು ತುಳಸಿದಾಸ ಹಿಂದಿನಿಂದ ಏನೋ ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಜಯಂತಿ ಕೂಡ ಒಲೆಯ ಮೇಲಿನ ಅನ್ನ ಮರೆತು ಬೆನ್ನಿಗೆ ಬಿದ್ದಳು.

ಮಾದೇವಿಯ ಒಳಕೋಣೆಯಲ್ಲಿ ರಕ್ಷಿತಾ ಚಾಪೆಯ ಮೇಲೆ ಮಲಗಿದ್ದಳು. ಲತಾ ಕಂದುಬಣ್ಣದ ಕೋಟು ತೊಟ್ಟು, ತಲೆಗೆ ಬಲೆಯಂಥ ಟೊಪ್ಪಿ ಹಾಕಿ, ಮೊಬೈಲಿನಲ್ಲಿ ನೀರು ಹರಿಯುವ ಸಂಗೀತ ಹಚ್ಚಿದ್ದಳು. ಅದನ್ನು ಕೇಳಿ ಮಾದೇವಿ ಎರಡು ಸಲ ಹಿತ್ತಿಲಿಗೆ ಓಡಿ ನಲ್ಲಿ ನೋಡಿ ಬಂದಿದ್ದಳು. ಪಕ್ಕದಲ್ಲಿ ತಲೆ ಒತ್ತಿದರೆ ಕೊಕ್ಕಿನಿಂದ ಎಣ್ಣೆ ಉಗುಳುವ ಬಾಟಲಿ.

"ಏನೇ ಮಾದೇವಿ, ಮಗ್ಳನ್ನ ತಿಕ್ಸೂಕೆ ನರ್ಸ್ ಕರ್ಸಿದ್ಯಾ?" ಗಂಗೂ ಬಾಗಿಲಲ್ಲೇ ಶುರು ಮಾಡಿದಳು.

"ಹಾಗಲ್ಲಾ ಗಂಗಕ್ಕ, ಅಳಿಯ ಹೇಳ್ದ..." ಮಾದೇವಿ ಸೀರೆಯ ಅಂಚು ತಿರುಚಿದಳು.

"ಹೆತ್ತದ್ದು ಅಳಿಯನಾ? ನಿನ್ ಸೊಂಟ ಇವತ್ತಿಗೂ ನೆಟ್ಟಗೆ ನಿಂತದ್ದು ಯಾರ ಕೈಯಿಂದ?"

ಮಾದೇವಿಗೆ ಇಬ್ಬರನ್ನೂ ನೋಯಿಸುವ ಧೈರ್ಯವಿರಲಿಲ್ಲ. ಮೀನು ಪಾಲು ಮಾಡುವವರ ಹಾಗೆ ಮಗಳನ್ನು ಮೇಲಿಂದ ಕೆಳಗೆ ನೋಡಿ ಒಂದು ತೀರ್ಮಾನಕ್ಕೆ ಬಂದಳು.

"ಒಬ್ಬೊಬ್ರು ಒಂದೊಂದು ಕಾಲು ತಿಕ್ಕಿ. ಯಾವ ಕಾಲು ಹಗುರಾಯ್ತು ಅಂತ ರಕ್ಷಿತಾ ಹೇಳ್ಲಿ. ಅವ್ರೇ ಬಾಣಂತನ ಮುಗಿಯೂ ತನಕ ಬರ್ಲಿ."

"ಅಮ್ಮಾ, ನಂಗೆ ನಿದ್ದೆ ಬೇಕು" ಅಂದಳು ರಕ್ಷಿತಾ. ಅದನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

ಎಡಗಾಲು ಗಂಗೂಗೆ, ಬಲಗಾಲು ಲತಾಗೆ. ಗಂಗೂ ತಳ ಹಿಡಿದ ಪಾತ್ರೆ ಸಿಕ್ಕಿದವಳಂತೆ ತಿಕ್ಕಿದಳು. ಅವಳ ಕಣ್ಣೆಲ್ಲ ಬಲಗಾಲಿನ ಮೇಲೆ. ಆ ಹುಡುಗಿಯ ಬೆರಳು ಹಿಮ್ಮಡಿಯಿಂದ ಮೊಣಕಾಲಿಗೆ ಜಾರುವ ಚಂದ ನೋಡಿ ಅವಳ ಗೇರುಬೀಜ ಇನ್ನಷ್ಟು ಸಿಡಿಯಿತು. ರೊಚ್ಚಿಗೆ ಮತ್ತೆ ತಿಕ್ಕಿದಳು. ರಕ್ಷಿತಾ "ಅಯ್ಯೋ" ಅಂದಳು.

"ನೋವು ಹೊರಗೆ ಬತ್ತಾ ಅದೆ" ಎಂದು ಗಂಗೂ ಸಮಜಾಯಿಷಿ ಕೊಟ್ಟಳು.

"ಹೇಳೇ, ಯಾವ ಕಾಲು?" ಜಯಂತಿ ತಡೆಯಲಾರದೆ ಕೇಳಿದಳು.

"ಬಲಗಾಲು ಆಗ್ಲೇ ಮಲಗ್ತು. ಎಡಗಾಲಿಗೆ ಇನ್ನೂ ಎಚ್ರ ಅದೆ" ಅಂದಳು ರಕ್ಷಿತಾ, ಕಣ್ಣು ಮುಚ್ಚಿಕೊಂಡೇ.

ಜಯಂತಿ ಎರಡೂ ಕಾಲು ಮುಟ್ಟಿ ನೋಡಿದಳು. "ಹೌದು ಗಂಗಕ್ಕ. ಬಲಗಾಲು ಬೆಚ್ಚಗೆ, ಹತ್ತಿ ಹಾಂಗದೆ. ಎಡಗಾಲು ಬರೀ ಜಾರ್ತದೆ."

ಗಂಗೂ ಲತಾಳ ಬಾಟಲಿಯ ತಲೆ ಒತ್ತಿ ಅಂಗೈಗೆ ಎಣ್ಣೆ ಉಗುಳಿಸಿಕೊಂಡಳು. ನಶ್ಯ ತುಂಬಿದ ಮೂಗಿನಿಂದ ಗಂಭೀರವಾಗಿ ಮೂಸಿದಳು.

"ಇದು ಎಣ್ಣೆ ಅಂತಾರಾ? ಒಂದು ಸೊಪ್ಪಿಲ್ಲಾ, ಬೇರಿಲ್ಲಾ, ಬರೀ ಬಣ್ಣ. ಇದನ್ನ ಕಾಯ್ಸಿದವ್ಳಿಗೆ ಒಲೆ ಹಚ್ಚೂಕೂ ಬತ್ತಿಲ್ಲಾ. ಮಾದೇವಿ, ಇದು ಮೈಗೆ ತಾಗಿದ್ರೆ ಬಾಣಂತಿಗೆ ವಾತ ಹಿಡೀತದೆ, ಬರ್ದಿಟ್ಕೋ."

"ಹಾಗನ್ಬೇಡಿ ಅಕ್ಕ" ಲತಾ ಮೆಲ್ಲಗೆ ಹೇಳಿದಳು. "ನಾನೂ ಸುಮಾರು ಎಣ್ಣೆ ಹಚ್ಚಿ ನೋಡ್ದೆ. ಎಳ್ಳೆಣ್ಣೆ ಚಳಿಗೆ ಚಲೋ, ನಮ್ಮ ಸೆಕೆಗೆ ಕೆಲವ್ರಿಗೆ ಆಗೂದಿಲ್ಲಾ. ಹೊನ್ನೆ ಎಣ್ಣೆ ಗಂಟುನೋವಿಗೆ ಅಡ್ಡಿಲ್ಲಾ, ವಾಸ್ನೆಗೆ ಗಿರಾಕಿಗಳೇ ಎದ್ದು ಹೋಗ್ತಾರೆ. ಇದು ಹಾಗಲ್ಲಾ. ಸೊಂಟದ ಬಿಗಿನೂ ಬಿಡ್ತದೆ, ಒಳ್ಳೆ ನಿದ್ದೆನೂ ಬತ್ತದೆ. ಇದನ್ನ ಕಾಯ್ಸಿದವ್ರ ಕೈಗೆ ಕೈ ಮುಗೀಬೇಕು."

"ಅಂಥವ್ಳ ಕೈ ಮುರೀಬೇಕು" ಅಂದಳು ಗಂಗೂ.

ಕೊಕ್ಕಿನ ಬಾಟಲಿ ಗೊರಗೊರ ಕೆಮ್ಮಿ ಬರಿದಾಯಿತು. ಲತಾ ಅದಕ್ಕೆ ತುಂಬಲು ಚೀಲದಿಂದ ಇನ್ನೊಂದು ಬಾಟಲಿ ತೆಗೆದಳು. ಯಾವುದೋ ಹಳೆಯ ಔಷಧಿಯ ಶೀಶೆ. ಅದರ ಬಾಯಿಗೆ ಬಟ್ಟೆ ಸುತ್ತಿದ ಬಿರಡೆ. ನವಿಲುಬಣ್ಣದ ಬಟ್ಟೆ.

ಜಯಂತಿ ಆ ಬಟ್ಟೆಯ ಚುಂಗು ಹಿಡಿದು ನೋಡಿದಳು.

"ಈ ಸೀರೆ ನಂಗೊತ್ತದೆ" ಅಂದಳು ಜಯಂತಿ. "ನನ್ ಮದ್ವೆ ಫೋಟೋದಲ್ಲಿ ಸಾರು ಬಡಿಸ್ತಾ ಅದೆ."

"ಎಲ್ಲಿ ಸಿಕ್ತೇ ಇದು ನಿಂಗೆ?" ಗಂಗೂ ಬಿರಡೆಯನ್ನು ಬೆರಳಿನಿಂದ ತೋರಿಸಿದಳು.

"ನಿಮ್ಮ ಅಂಕೋಲೆಯವ್ರೇ ಒಬ್ರು ತಂದುಕೊಡ್ತಾರೆ ಅಕ್ಕ. ಬಲೆ ನೂಲು ತಕಳೂಕೆ ಅಂತ ವಾರ ವಾರ ಕಾರವಾರಕ್ಕೆ ಬತ್ತಾರೆ. ಭುಜ ಹಿಡ್ಕೊಂಡಿತ್ತು, ನಮ್ಮ ಮನೆಯವ್ರು ತಿಕ್ಕಿ ಬಿಡಿಸಿದ್ರು. ಅದ್ಕೆ ದುಡ್ಡಿನ ಬದ್ಲು ಬಾಟ್ಲಿ ಕೊಡ್ತಾರೆ. ಅವ್ರ ಹೆಂಡ್ತಿ ಊರಿಗೆಲ್ಲ ತಿಕ್ತದಂತೆ, ಗಂಡ ಭುಜ ಕೊಟ್ರೆ ಮಾತ್ರ ಕೈ ಸೋತದೆ ಅಂತದಂತೆ. ಪಾಪದವ್ರು."

ತುಳಸಿದಾಸ ವಾರ ವಾರ ನೂಲು ತರಲು ಹೋಗುತ್ತಿದ್ದರೂ ಮನೆಯ ಬಲೆಯ ತೂತು ಯಾಕೆ ಹಾಗೆಯೇ ಉಳಿದಿತ್ತು ಎಂಬುದು ಗಂಗೂಗೆ ಆಗ ಹೊಳೆಯಿತು.

"ಹಾಗಾದ್ರೆ ಎಡಗಾಲಿಗೆ ಹಚ್ಚಿದ್ದು ಎಂತದು?" ಮಾದೇವಿ ಕೇಳಿದಳು.

ಜಯಂತಿ ಬಗ್ಗಿ ಎಡಗಾಲು ಮೂಸಿದಳು. "ಅಂಗ್ಡಿ ಕಾಯೆಣ್ಣೆ. ನಾನು ಬಾಂಗಡೆ ಹುರೂದು ಇದ್ರಲ್ಲೇ."

ಖಾಲಿಯಾದ ಬಾಟಲಿಗಳನ್ನು ಗಂಡ ಯಾತರಿಂದ ತುಂಬಿಸಿ ಕಪಾಟಿನಲ್ಲಿ ಸಾಲಾಗಿ ಇಡುತ್ತಿದ್ದ ಎಂಬುದೂ ಗೊತ್ತಾಯಿತು. ಮಳೆಗಾಲ ಮುಗಿದಾಗಿನಿಂದ ಅವಳು ಕೇರಿಯ ಸೊಂಟಗಳಿಗೆಲ್ಲ ಬಾಂಗಡೆ ಹುರಿಯುವ ಎಣ್ಣೆ ಹಚ್ಚಿ, ಲಕ್ಕಿ ಸೊಪ್ಪಿನ ಗುಣ ಹೊಗಳುತ್ತಿದ್ದಳು.

"ಮಾದೇವಿ, ಆ ಎಣ್ಣೆ ನಂದೇ" ಅಂದಳು ಗಂಗೂ.

"ಅದು ತಾಗಿದ್ರೆ ವಾತ ಹಿಡೀತದೆ ಅಂದವ್ಳೂ ನೀನೇ ಅಲ್ದಾ?" ಎಂದ ಮಾದೇವಿ ಲತಾಳ ಕಡೆ ತಿರುಗಿದಳು. "ನಾಳೆ ಸ್ವಲ್ಪ ಬೇಗ ಬಾ ಮಗಾ. ಆ ಬಾಟ್ಲಿನೂ ತಕಂಬಾ."

ಲತಾ ಶೀಶೆಯ ಎಣ್ಣೆಯನ್ನು ಕೊಕ್ಕಿನ ಬಾಟಲಿಗೆ ಸುರಿದುಕೊಂಡಳು. ಜಯಂತಿ ಆಗಲೇ ಅಂಗಳ ದಾಟಿದ್ದಳು. ಕೇರಿಗೆ ಸುದ್ದಿ ಮುಟ್ಟಿಸುವ ಆತುರ ಅವಳಿಗೆ. ರಕ್ಷಿತಾಳ ಬಲಗಾಲಿನ ನಿದ್ದೆ ಮೈಯೆಲ್ಲ ಹರಡಿ ಅವಳು ಗೊರಕೆ ಹೊಡೆಯತೊಡಗಿದ್ದಳು. ಮಾದೇವಿ ಕೂಸಿನ ಬಟ್ಟೆ ಮಡಚಲು ಕೂತಳು.

ಗಂಗೂ ಚಾಪೆಯ ಎಡಬದಿಯಲ್ಲಿ ಕೂತೇ ಇದ್ದಳು.

"ಈ ಎಡಗಾಲಾದ್ರೂ ನಂಗಿರ್ಲಿ ಮಾದೇವಿ" ಅಂದಳು.