ಗೋಡೆಯ ಮೇಲೆ ತೂಗುಹಾಕಿದ ಸಿಟ್ಟು

ಜೀವನದಲ್ಲಿ ಗುರಿ ಇಲ್ಲದವರು ಎಷ್ಟು ನೆಮ್ಮದಿಯಾಗಿರುತ್ತಾರೆ ಎಂಬುದು ನನಗೆ ಗುರಿ ಇಟ್ಟುಕೊಂಡ ಮೇಲೆ ಗೊತ್ತಾಯಿತು. ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿಗೆ ತರಬೇತಿ ಕೊಡಲು ಬಂದ ಮಹನೀಯರೊಬ್ಬರು, "ನಿಮ್ಮ ಗುರಿಯನ್ನು ಕ್ಯಾಲೆಂಡರಿನಲ್ಲಿ ಬರೆದು ಕಣ್ಣೆದುರು ತೂಗುಹಾಕಿ, ಬದುಕು ತಾನಾಗಿ ದಾರಿಗೆ ಬರುತ್ತದೆ" ಎಂದರು. ಯಾರು ಏನು ಹೇಳಿದರೂ ನಂಬುವವನು ನಾನು. ಹೀಗೇ ಯಾರನ್ನೋ ನಂಬಿ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ ಕುಡಿದು ಬಸ್ಸು ಹತ್ತಿದ ಕತೆ ಇಲ್ಲಿ ಬೇಡ. ಅಂತೂ, ಹಾಲು ಬರದ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ ಎಂದೆಲ್ಲ ಹೆಂಡತಿ ಸುಜಾತ ಗುರುತು ಹಾಕುವ ನಡುಮನೆಯ ಕ್ಯಾಲೆಂಡರಿನಲ್ಲಿ, ಪ್ರತಿ ತಿಂಗಳ ಹಾಳೆಯ ನೆತ್ತಿಯ ಮೇಲೂ "ಸಿಟ್ಟು ಬಿಡಬೇಕು" ಎಂದು ದಪ್ಪಕ್ಷರದಲ್ಲಿ ಬರೆದೆ. "ರೀ, ಬರೆದ್ರೆ ಸಾಲ್ದು, ಲೆಕ್ಕ ಇಡ್ಬೇಕು" ಎಂದಳು ಸುಜಾತ. ಅಂದಿನಿಂದ ನಾನು ಕೂಗಾಡಿದ ದಿನದ ಮೇಲೆಲ್ಲ ಕೆಂಪು ಗುರುತು ಬೀಳತೊಡಗಿತು. ಪಕ್ಕದಲ್ಲಿ ಕಾರಣ ಬೇರೆ: "ಚಪ್ಪಲಿ ಸಿಗಲಿಲ್ಲ", "ಉಪ್ಪಿಟ್ಟು", "ಸುಮ್ಮನೆ".

ಹೀಗಿರುವಾಗ ಮಗಳು ರಮ್ಯಾಳನ್ನು ನೋಡಲು ಹೊಸಕೋಟೆ ಕಡೆಯಿಂದ ಗಂಡಿನವರು ಬಂದರು. ಹುಡುಗ ಪಿಲ್ಲಗುಂಪೆಯಲ್ಲಿ ಇಂಜಿನಿಯರ್. ರಮ್ಯಾಳೂ ಅವನೂ ಟೆರೇಸಿನ ಮೇಲೆ ಮಾತಾಡಿಕೊಂಡು ನಗುನಗುತ್ತಾ ಇಳಿದು ಬಂದಾಗ ನನಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಹುಡುಗನ ತಂದೆ, "ಕ್ಯಾಲೆಂಡರ್ ಕೊಡಿ ಸಾರ್, ನಿಶ್ಚಿತಾರ್ಥಕ್ಕೆ ಒಳ್ಳೆ ದಿನ ನೋಡ್ಬಿಡೋಣ" ಎಂದರು.

"ನಮ್ಮನೇಲಿ ಕ್ಯಾಲೆಂಡರ್ ಇಲ್ಲ" ಎಂದುಬಿಟ್ಟೆ. ಅದು ನನ್ನ ತಲೆಯ ಹಿಂದೆಯೇ ಫ್ಯಾನಿನ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. "ಅಣ್ಣಾ, ಸ್ವಲ್ಪ ಸರ್ಕೊಳ್ಳಿ" ಎಂದು ಹುಡುಗನ ತಾಯಿ ಎದ್ದು ಬಂದು ಅದನ್ನು ಮೊಳೆಯಿಂದ ತೆಗೆದರು. ಹಾಳೆ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. ಒಳ್ಳೆಯ ದಿನ ಹುಡುಕಬೇಕಾದವರು ನನ್ನ ಕೆಟ್ಟ ದಿನಗಳನ್ನೆಲ್ಲ ಓದುತ್ತಾ ನಿಂತರು. ಸಂಬಂಧ ಯಾಕೆ ಮುರಿಯಿತು ಎಂದು ನೆಂಟರು ಕೇಳಿದರೆ, ಉಪ್ಪಿಟ್ಟಿನಿಂದ ಎನ್ನಲಾದೀತೇ?

"ಯಾರಿಗೆ ಇಷ್ಟೊಂದು ಸಿಟ್ಟು?" ಎಂದರು ಆಕೆ.

"ನಂಗೇ ಅಮ್ಮ" ಎಂದೆ.

ರಮ್ಯಾ ಮುಂದೆ ಬಂದಳು. "ಆಂಟಿ, ಹೋದ ತಿಂಗಳು ನೋಡಿ, ಒಂದೂ ಕೆಂಪು ಗುರುತಿಲ್ಲ. ಅಪ್ಪ ತುಂಬಾ ಪ್ರಯತ್ನ ಪಡ್ತಿದ್ದಾರೆ."

ಆಕೆ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ನೋಡಿದ್ರಾ? ತಮ್ಮ ತಪ್ಪನ್ನ ಹೀಗೆ ಗೋಡೆಗೆ ಹಾಕ್ಕೊಂಡು ತಿದ್ಕೊಳ್ಳೋರು ಎಲ್ಲಿ ಸಿಗ್ತಾರೆ? ನಂಗೆ ಈ ಮನೆ ಹುಡುಗೀನೇ ಬೇಕು" ಎಂದರು. ಸುಜಾತ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನ ಗೊತ್ತಾಯಿತು.

ಹೊರಡುವಾಗ ಹುಡುಗನ ತಂದೆ ಗೇಟಿನ ಹತ್ತಿರ ನನ್ನ ಕೈ ಹಿಡಿದು ಮೆಲ್ಲಗೆ, "ಹೋದ ತಿಂಗಳು ಅದೇನು ಮಾಡಿದ್ರಿ ಸಾರ್? ನಂಗೂ ಸ್ವಲ್ಪ ಹೇಳ್ಕೊಡಿ" ಎಂದರು.

"ಮನಸ್ಸು ಗಟ್ಟಿ ಮಾಡ್ಕೋಬೇಕು, ಅಷ್ಟೇ" ಎಂದೆ ಗಂಭೀರವಾಗಿ. ಹೋದ ತಿಂಗಳು ಪೂರ್ತಿ ನನಗೆ ನೈಟ್ ಶಿಫ್ಟು. ಮನೆಯವರೆಲ್ಲ ಎದ್ದು ಓಡಾಡುವಾಗ ನಾನು ಗೊರಕೆ ಹೊಡೆಯುತ್ತಿದ್ದೆ ಎಂದು ಹೊಸ ಬೀಗರಿಗೆ ಯಾವ ಬಾಯಲ್ಲಿ ಹೇಳಲಿ? ನಿಶ್ಚಿತಾರ್ಥದ ತಿಂಗಳು ಡೇ ಶಿಫ್ಟು.