ಸೂರ್ಯ ಮುಳುಗದ ಊರಿಗೆ ಐದು ಟಿಕೆಟ್

ಭಾನುವಾರ, ಫೆಬ್ರವರಿ ಒಂಬತ್ತು. ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ವರ್ಕಾಡಿಯ ನಮ್ಮ ಮನೆಯ ಚಾವಡಿ. ಹಾಜರಿದ್ದವರು: ನಾನು, ನನ್ನ ಅಣ್ಣ, ಮಗಳು, ಮೊಮ್ಮಗಳು, ದುಬೈಯಿಂದ ಮೊಬೈಲಿನ ಪರದೆಯೊಳಗೆ ಅಳಿಯ, ಗೋಡೆಯ ಮೇಲೆ ಚೌಕಟ್ಟಿನೊಳಗೆ ನನ್ನ ಯಜಮಾನರು. ವಿಷಯ: ನಾರ್ವೆ ದೇಶದ ಉತ್ತರ ತುದಿಗೆ ಕುಟುಂಬದವರೆಲ್ಲ ಸೇರಿ ಏಳು ದಿನದ ಹಡಗು ಪ್ರವಾಸ, ಮತ್ತು ಅದರ ಖರ್ಚು.

ಹೀಗೆ ಬರೆದಿಡುವುದು ನನ್ನ ಅಭ್ಯಾಸ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಐದೂವರೆಗೆ ಏಳುವ ಬೆಲ್, ಎಂಟಕ್ಕೆ ತಿಂಡಿಯ ಬೆಲ್, ರಾತ್ರಿ ಎಂಟೂವರೆಗೆ ಊಟದ ಬೆಲ್. ನಿವೃತ್ತಿಯ ದಿನ ಮಕ್ಕಳು ಆ ಕಂಚಿನ ಬೆಲ್ಲನ್ನೇ ಹೊಸ ಹಗ್ಗ ಕಟ್ಟಿ ಉಡುಗೊರೆ ಕೊಟ್ಟರು. ಪೀಡೆ ತೊಲಗಲಿ ಎಂದು ಕೊಟ್ಟರೋ, ಪ್ರೀತಿಯಿಂದ ಕೊಟ್ಟರೋ, ನಾನು ವಿಚಾರಿಸಲಿಲ್ಲ. ಅಂದಿನಿಂದ ಅದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ತೂಗುತ್ತಿದೆ, ಹೊತ್ತು ಹೊತ್ತಿಗೆ ಬಡಿಯುತ್ತಿದೆ.

ಈಗ ಅಣ್ಣನ ವಿಷಯ. ಇವನಿಗೆ ಲೋಕದಲ್ಲಿ ಒಬ್ಬನೇ ಒಬ್ಬ ವೈರಿ ಇರುವುದು. ಪಕ್ಕದ ಜಾಗದವನಲ್ಲ, ಪಂಚಾಯತಿನವನೂ ಅಲ್ಲ. ಸೂರ್ಯ!

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನಿಯಮ. ಈಗ ಅದನ್ನು ಪಾಲಿಸುವವರು ಕಡಿಮೆ. ಹಾಸ್ಟೆಲಿನ ಕೆಲಸಕ್ಕೆ ಸೇರಿದ ವರ್ಷವೇ ನಾನೂ ಬಿಟ್ಟೆ. ಎಂಟೂವರೆಗೆ ಮಕ್ಕಳೊಂದಿಗೆ ಕೂತು ಉಣ್ಣದ ವಾರ್ಡನ್ನಿನ ಮಾತನ್ನು ಯಾವ ಮಕ್ಕಳು ಕೇಳುತ್ತಾರೆ? ಆಗ ನಮ್ಮ ಅಮ್ಮ, “ಇಬ್ಬರಲ್ಲಿ ಒಬ್ಬರಾದರೂ ಇಟ್ಟುಕೊಳ್ಳಿ” ಎಂದರು. ಅಣ್ಣ ಇಟ್ಟುಕೊಂಡ. ಇಟ್ಟುಕೊಂಡದ್ದು ಎಂದರೆ ಹೇಗೆ? ಸರಕಾರಿ ಬಸ್ಸಿನ ಕಂಡಕ್ಟರನಾಗಿದ್ದವನು, ಸಂಜೆಯ ಟ್ರಿಪ್ಪಿನಲ್ಲಿ ಎಡ ಕಂಕುಳಲ್ಲಿ ಟಿಕೆಟ್ ಚೀಲ, ಬಲಗೈಯಲ್ಲಿ ಮೊಸರನ್ನದ ತುತ್ತು, ಕಣ್ಣು ಪಡುವಣದ ಕಿಟಕಿಯಲ್ಲಿ! ಚಿಲ್ಲರೆ ಕೇಳಿದವರಿಗೆ, “ಸ್ವಲ್ಪ ತಡೆಯಿರಿ ಮಾರಾಯ್ರೆ, ಅವನು ಹೋಗಲಿ” ಎನ್ನುತ್ತಿದ್ದನಂತೆ. ಯಾರು ಹೋಗಬೇಕು ಎಂದು ಗೊತ್ತಾಗದೆ ಎಷ್ಟು ಮಂದಿ ತಮ್ಮ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋದರೋ!

ಬೆಳ್ಳೂರಿನಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳ ಮದುವೆ. ಮನೆ ಇದ್ದದ್ದು ತಗ್ಗಿನಲ್ಲಿ. ಆರು ಗಂಟೆಗೇ ಸೂರ್ಯ ಗುಡ್ಡದ ಹಿಂದೆ ಮರೆಯಾದ. ಹುಡುಗನ ಕಡೆಯವರು ಆಗಷ್ಟೇ ಬಂದಿದ್ದರು, ಮಾತುಕತೆಯಲ್ಲಿ ಅಣ್ಣನ ಊಟ ತಡವಾಗಿತ್ತು. “ಮುಳುಗಿ ಆಯಿತಲ್ಲ ಅಣ್ಣ” ಎಂದೆ ನಾನು. “ಮುಳುಗಲಿಲ್ಲ. ಅಡ್ಡ ನಿಂತದ್ದು” ಎಂದವನೇ ಟಿಫಿನ್ ಹಿಡಿದು ಗುಡ್ಡ ಹತ್ತಿದ! ಬೀಗರೆಲ್ಲ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದಾರೆ, ಮೇಲೆ ಬಂಡೆಯ ಮೇಲೆ ಅಣ್ಣ ಕೆಂಪು ಬಿಸಿಲಿನಲ್ಲಿ ಕೂತು ಉಣ್ಣುತ್ತಿದ್ದಾನೆ. “ಅವರು ಯಾರು?” ಎಂದು ಒಬ್ಬರು ಕೇಳಿದರು. “ಹುಡುಗಿಯ ಸೋದರಮಾವ” ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಡ್ರೋನಿನವನು ಎಂದುಕೊಂಡರೋ ಏನೋ!

ನನ್ನ ಮಗಳ ಮದುವೆಯ ಆಲ್ಬಮ್ಮಿನ ಮೊದಲನೆಯ ಫೋಟೋ ಇವನದೇ. ರಾತ್ರಿ ಎಂಟಕ್ಕೆ ಇದ್ದ ಊಟಕ್ಕೆ ಇವನು ಐದೂವರೆಗೇ ಕೂತಿದ್ದ. ಮುನ್ನೂರು ಖಾಲಿ ಕುರ್ಚಿ, ನಡುವೆ ಒಂದು ಎಲೆ, ಎಲೆಯ ಮುಂದೆ ಅಣ್ಣ. ಫೋಟೋದವನು ಬೆಳಕು ಸರಿ ಉಂಟೋ ಎಂದು ನೋಡಲು ತೆಗೆದದ್ದಂತೆ. ಆಲ್ಬಮ್ ಬಿಚ್ಚಿದವರೆಲ್ಲ ಮೊದಲು ಅದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಾರೆ. ನಾನೂ ನಕ್ಕಿದ್ದೇನೆ.

ಅಣ್ಣ ಮದುವೆಯಾಗಲಿಲ್ಲ. ನಮ್ಮ ಕಡೆ ತಾಯಿಯ ಮನೆ ಹೆಣ್ಣುಮಕ್ಕಳದು, ಸೋದರಮಾವ ಮನೆಯ ಹಿರಿಯ. ಹಾಗೆ ನಿವೃತ್ತನಾದ ಮೇಲೆ ಅವನು ನಮ್ಮ ಜೊತೆಯೇ ಇದ್ದಾನೆ. ಆರು ಗಂಟೆಗೆ ಒಬ್ಬನೇ ಉಣ್ಣುತ್ತಾನೆ, ತನ್ನ ಬಟ್ಟಲು ತಾನೇ ತೊಳೆದು, ಕೋಣೆಗೆ ಹೋಗಿ ಮಲಗುತ್ತಾನೆ. ಎಂಟೂವರೆಗೆ ನಾವು ಉಣ್ಣುತ್ತೇವೆ. ಅವನ ಕೋಣೆಗೂ ಊಟದ ಕೋಣೆಗೂ ನಡುವೆ ಒಂದೇ ಗೋಡೆ. ನಾವು ನಕ್ಕರೆ ಗೋಡೆಯ ಆಚೆಯಿಂದ, “ಎಂತ? ಎಂತ ನಗುವುದು?” ಎಂದು ಕೇಳುತ್ತದೆ. ಮೊಮ್ಮಗಳು ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಾಳೆ. ಗೋಡೆ ದಾಟುವಾಗ ಯಾವ ತಮಾಷೆಯ ರುಚಿ ಉಳಿಯುತ್ತದೆ? ಆದರೂ ಅಣ್ಣ ಆಚೆಯಿಂದ ನಗುತ್ತಾನೆ. ನಾವು ಮಜ್ಜಿಗೆಗೆ ಬಂದಾಗ ಸಾರಿನ ಹೊತ್ತಿನ ತಮಾಷೆಗೆ ಅವನ ನಗು!

ಇಂಥವನು ಎರಡು ವರ್ಷದ ಹಿಂದೆ ಮೊಮ್ಮಗಳ ಭೂಗೋಳ ಪುಸ್ತಕದಲ್ಲಿ ಒಂದು ವಿಷಯ ಓದಿದ. ಭೂಮಿಯ ಉತ್ತರ ತುದಿಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲೂ ಬಿಸಿಲು. “ಇದು ನಿಜವಾ ಮಗಾ?” ಎಂದು ನಾಲ್ಕು ಸಲ ಕೇಳಿದನಂತೆ. ಮರುದಿನ ಬಸದಿಗೆ ಹೋಗಿ ಅಲ್ಲಿಯ ಪುರೋಹಿತರಾದ ಇಂದ್ರರನ್ನು ಕೇಳಿದ: “ಸೂರ್ಯ ಮುಳುಗದ ಊರಿನಲ್ಲಿ ರಾತ್ರಿ ಎಂಟೂವರೆಗೆ ಉಣ್ಣಬಹುದಾ?” ಇಂದ್ರರು ಎರಡು ದಿನ ಯೋಚಿಸಿ ಹೇಳಿದರು: “ಮುಳುಗಿದ ಮೇಲೆ ಉಣ್ಣಬಾರದು ಎಂದು ಉಂಟು. ಮುಳುಗುವುದೇ ಇಲ್ಲವಾದರೆ ತಪ್ಪು ನಿಮ್ಮದಲ್ಲ, ಅವನದು.”

ಅಂದಿನಿಂದ ನಾರ್ವೆಯ ಜಪ. ನಮಗೆ ನಗು. “ಮಾವನಿಗೆ ಇಪ್ಪತ್ತನಾಲ್ಕು ಗಂಟೆ ತಿನ್ನುವ ಆಸೆ” ಎಂದಳು ಮಗಳು. ಅಳಿಯನಿಗೆ ಮಾತ್ರ ಹಿಮದ ಬೆಟ್ಟಗಳ ಚಿತ್ರ ನೋಡಿ ಹುಚ್ಚು ಹಿಡಿಯಿತು. ಇಬ್ಬರೂ ಸೇರಿ ಹಣ ಕೂಡಿಸತೊಡಗಿದರು. ಅಣ್ಣ ಕಾಸರಗೋಡಿನಿಂದ ಐದು ಉಣ್ಣೆಯ ಟೊಪ್ಪಿ ತಂದು, ಅಭ್ಯಾಸವಾಗಲಿ ಎಂದು ಸೆಕೆಯಲ್ಲೇ ಒಂದನ್ನು ಹಾಕಿಕೊಂಡು ತಿರುಗಿದ. ಕಣ್ಣು ಬಿಟ್ಟರೆ ಮುಖದಲ್ಲಿ ಬೇರೇನೂ ಕಾಣದು. ಅಂಗಡಿಯ ಬ್ಯಾರಿಗಳು, “ಎಂತ ಕಂಡಕ್ಟ್ರೇ, ಯಾವ ಮನೆಗೆ ಕನ್ನ ಹಾಕಲಿಕ್ಕೆ ಹೊರಟದ್ದು?” ಎಂದು ಕೇಳಿದರಂತೆ.

ಇರಲಿ. ಸಭೆಗೆ ಬರೋಣ.

ನನ್ನ ಕೈಯಲ್ಲಿ ಗೆರೆ ಎಳೆದ ಕಾಗದ. ವಿಮಾನ, ವೀಸಾ, ಹಡಗು, ಬೆಚ್ಚನೆಯ ಬಟ್ಟೆ, ಬಕ್ಷೀಸು, ಆಕಸ್ಮಿಕ. ಮೊದಲು ಮಂಗಳೂರಿನ ಏಜೆಂಟ್ ಹುಡುಗನಿಗೆ ಫೋನ್ ಮಾಡಿದೆವು. ಅಣ್ಣ ನನ್ನ ಕೈಯಿಂದ ಫೋನ್ ಕಿತ್ತುಕೊಂಡ.

“ಹಡಗಿಗೆ ಎಷ್ಟು ಸ್ಟಾಪ್ ಉಂಟು?”

“ಐದು ಬಂದರು ಅಂಕಲ್.”

“ಕೈ ತೋರಿಸಿದಲ್ಲಿ ನಿಲ್ಲಿಸುತ್ತಾರಾ?”

“ಇಲ್ಲ ಅಂಕಲ್, ಸಮುದ್ರ ಅಲ್ವಾ!”

“ಕಂಡಕ್ಟರ್ ಯಾರು?”

“ಕಂಡಕ್ಟರ್ ಇಲ್ಲ, ಕ್ಯಾಪ್ಟನ್ ಇರ್ತಾರೆ.”

“ಡ್ರೈವರನೇ ಟಿಕೆಟ್ ನೋಡುವುದಾ? ಹಾಗಾದರೆ ಹಡಗು ಬಿಡುವುದು ಯಾರು?” ಅಣ್ಣ ಗಾಬರಿಯಿಂದ ನನ್ನನ್ನು ನೋಡಿದ. ನಾನು ಫೋನ್ ವಾಪಸ್ ತೆಗೆದುಕೊಂಡೆ.

ಏಜೆಂಟ್ ಎರಡು ಲೆಕ್ಕ ಹೇಳಿದ. ಜೂನ್ ತಿಂಗಳಿಗೆ ಒಂದು, ಸೆಪ್ಟೆಂಬರ್ ಕೊನೆಗೆ ಒಂದು. ಸೆಪ್ಟೆಂಬರಿನಲ್ಲಿ ತಲೆಗೆ ಹೆಚ್ಚುಕಡಿಮೆ ಒಂದು ಲಕ್ಷ ಉಳಿತಾಯ! ಐದು ತಲೆಗೆ ಐದು ಲಕ್ಷ. ಅದೇ ಹಡಗು, ಅದೇ ಬೆಟ್ಟ. ಮೂವತ್ತೊಂದು ವರ್ಷ ಹಾಸ್ಟೆಲಿನ ಅಕ್ಕಿ ಬೇಳೆಯಲ್ಲಿ ಹಿಡಿ ಹಿಡಿ ಉಳಿಸಿದವಳ ಮುಂದೆ ಐದು ಲಕ್ಷ ಬಂದು ನಿಂತರೆ ಏನಾಗಬೇಕು?

“ಸೆಪ್ಟೆಂಬರ್” ಎಂದೆ.

“ಸೆಪ್ಟೆಂಬರಿನಲ್ಲಿ ಅಲ್ಲಿ ಎಷ್ಟು ಗಂಟೆಗೆ ಮುಳುಗುತ್ತದೆ?” ಎಂದು ಅಣ್ಣ ಕೇಳಿದ.

ಮೊಮ್ಮಗಳು ಮೊಬೈಲಿನಲ್ಲಿ ನೋಡಿದಳು. “ನಮ್ಮಲ್ಲಿಯ ಹಾಗೇ ಅಜ್ಜ. ಏಳರ ಒಳಗೆ.”

“ಹಾಗಾದರೆ ಜೂನ್.”

“ಅಣ್ಣ, ನಿನ್ನ ಒಂದು ಊಟಕ್ಕೆ ಐದು ಲಕ್ಷವಾ?”

“ಹೆಚ್ಚಿನ ಹಣ ನಾನು ಕೊಡುತ್ತೇನೆ. ಬ್ಯಾಂಕಿನಲ್ಲಿ ಇಟ್ಟದ್ದು ಉಂಟು.”

“ಅದು ನಿನ್ನ ಕಾಯಿಲೆ ಕಸಾಲೆಗೆ ಇಟ್ಟದ್ದು. ಮುಟ್ಟಲಿಕ್ಕಿಲ್ಲ.”

“ಮಾವ, ಸೆಪ್ಟೆಂಬರಿನಲ್ಲಿ ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಕಾಣುತ್ತದಂತೆ, ಪರದೆ ಬಿಟ್ಟ ಹಾಗೆ” ಎಂದು ಅಳಿಯ ದುಬೈಯಿಂದ ಸಮಾಧಾನ ಹೇಳಿದ.

“ಆ ಬೆಳಕಿನಲ್ಲಿ ಉಣ್ಣಬಹುದಾ?”

ಎಲ್ಲರೂ ಗೊಳ್ಳೆಂದು ನಕ್ಕೆವು. ಅಣ್ಣನೂ ನಕ್ಕ. ಇಲ್ಲಿ ನಡುವೆ ಗೋಡೆ ಇರಲಿಲ್ಲ, ಆದರೂ ಅವನ ನಗು ಸ್ವಲ್ಪ ತಡವಾಗಿಯೇ ಬಂತು. ನಾನು ಮೇಜು ಕುಟ್ಟಿ, ಕೈ ಎತ್ತಿಸಿ, ಸೆಪ್ಟೆಂಬರಿಗೆ ಮೂರು ಮತ ಎಂದು ಬರೆದುಕೊಂಡೆ. ಮೊಮ್ಮಗಳು ಕೈ ಎತ್ತಲಿಲ್ಲ. ಅವಳಿಗೆ ಇನ್ನೂ ಹದಿನೇಳು, ಮತ ಇಲ್ಲ ಎಂದೆ.

“ಆಯಿತು ತಂಗಿ” ಎಂದ ಅಣ್ಣ. “ಸೆಪ್ಟೆಂಬರೇ ಆಗಲಿ. ಟಿಫಿನ್ ಕಟ್ಟಿಕೊಂಡರೆ ಆಯಿತು.”

ಹನ್ನೊಂದು ನಲವತ್ತಕ್ಕೆ ಅಳಿಯ ಮುಂಗಡ ಕಳುಹಿಸಿದ. ರಶೀದಿ ಬಂತು. ಸಭೆ ಮುಗಿಯಿತು.

ಮೂರು ಗಂಟೆಗೆ ಕಾಗದಗಳನ್ನು ಫೈಲಿಗೆ ಹಾಕಲು ಕೂತೆ. ಪ್ರವಾಸದಲ್ಲಿ ಯಾರಿಗೆ ಏನು ಬೇಕು ಎಂದು ಎಲ್ಲರಿಂದಲೂ ಒಂದು ವಾರದ ಹಿಂದೆಯೇ ಬರೆಸಿಕೊಂಡಿದ್ದೆ. ಮಗಳು ಜಲಪಾತ ಎಂದು ಬರೆದಿದ್ದಳು, ಮೊಮ್ಮಗಳು ತಿಮಿಂಗಿಲ ಎಂದು. ಅಣ್ಣ ಎರಡು ದಿನ ತಡವಾಗಿ, ನಾನು ಕೊಟ್ಟ ಕಾಗದದಲ್ಲಿ ಬರೆಯದೆ ತನ್ನದೇ ಒಂದು ಹಾಳೆ ಕೊಟ್ಟಿದ್ದ. ಕ್ರಮ ತಪ್ಪಿದ ಕಾಗದವನ್ನು ನಾನು ಓದುವುದಿಲ್ಲ. ಹಾಸ್ಟೆಲಿನಲ್ಲೂ ಓದುತ್ತಿರಲಿಲ್ಲ. ಈಗ ತೂತು ಹೊಡೆಯಲು ಮಡಿಕೆ ಬಿಚ್ಚಿದೆ.

ಕಂಡಕ್ಟರುಗಳು ಟ್ರಿಪ್ಪಿನ ಲೆಕ್ಕ ಬರೆಯುವ ಹಾಗೆ ಸ್ಕೇಲಿನಲ್ಲಿ ಗೆರೆ ಎಳೆದು ಕೋಣೆ ಮಾಡಿದ್ದ. ಏಳು ದಿನಕ್ಕೆ ಏಳು ಸಾಲು. ಬೆಳಿಗ್ಗೆಯ ಕೋಣೆ ಖಾಲಿ. ಮಧ್ಯಾಹ್ನದ ಕೋಣೆ ಖಾಲಿ. ಬೆಟ್ಟ ಇಲ್ಲ, ಜಲಪಾತ ಇಲ್ಲ. ಕೊನೆಯ ಕೋಣೆಯಲ್ಲಿ ಮಾತ್ರ, ಏಳು ಸಾಲಿನಲ್ಲೂ, ಅದೇ ಗುಂಡು ಅಕ್ಷರದಲ್ಲಿ:

ರಾತ್ರಿ 8.30. ಊಟ. ಒಂದೇ ಮೇಜು. ಪ್ರಯಾಣಿಕರು: 5.

ತಿನ್ನುವ ಆಸೆಯಾಗಿದ್ದರೆ ನಡುರಾತ್ರಿಯ ಊಟವನ್ನೂ ಬರೆಯಬಹುದಿತ್ತಲ್ಲ? ಇಂದ್ರರನ್ನು ಕೇಳಿದ್ದೂ ಎಂಟೂವರೆಯನ್ನೇ.

ಎಷ್ಟೋ ವರ್ಷದ ಹಿಂದಿನ ಒಂದು ರಾತ್ರಿ ನೆನಪಾಯಿತು. ಅಣ್ಣ ನಮ್ಮ ಮನೆಗೆ ಬಂದ ಹೊಸತು. ನಾವು ಉಣ್ಣುವಾಗ ಅವನೂ ಬಂದು ಕುರ್ಚಿ ಎಳೆದು ಸುಮ್ಮನೆ ಕೂತಿದ್ದ. ಹಾಸ್ಟೆಲಿನಲ್ಲಿ ನನ್ನದೊಂದು ನಿಯಮವಿತ್ತು: ಊಟ ಮಾಡದವರು ಊಟದ ಕೋಣೆಯಲ್ಲಿ ಕೂರಬಾರದು. ಅದೇ ಬಾಯಲ್ಲಿ, “ಎಲ್ಲರ ಬಟ್ಟಲು ನೋಡಿಕೊಂಡು ಎಂತ ಕೂರುವುದು ಅಣ್ಣ? ಹೋಗಿ ಮಲಗು” ಎಂದಿದ್ದೆ. ಅವನು ಎದ್ದು ಹೋದ. ಮತ್ತೆ ಯಾವ ರಾತ್ರಿಯೂ ಬಂದು ಕೂರಲಿಲ್ಲ. ಗೋಡೆಯ ಆಚೆಯಿಂದ ಕೇಳುತ್ತಿದ್ದ, ಅಷ್ಟೆ.

ಅಮ್ಮ ಇಬ್ಬರಲ್ಲಿ ಒಬ್ಬರು ಎಂದಿದ್ದರು. ನನ್ನ ಪಾಲನ್ನೂ ಅವನೇ ಹೊತ್ತ. ನಾನು ಅವನನ್ನು ಕೋಣೆಗೆ ಕಳುಹಿಸಿದೆ.

ಮೂರೂ ಇಪ್ಪತ್ತಕ್ಕೆ ಏಜೆಂಟಿಗೆ ಫೋನ್ ಮಾಡಿದೆ. “ಜೂನಿಗೆ ಬದಲಾಯಿಸಬಹುದಾ?”

“ಮುಂಗಡ ವಾಪಸ್ ಬರುವುದಿಲ್ಲ ಮೇಡಂ. ಜೂನಿನಲ್ಲಿ ಇದ್ದ ಕೋಣೆಗಳು ಕೂಡ ಮಧ್ಯಾಹ್ನವೇ ಹೋದವು. ಮುಂದಿನ ವರ್ಷ ಜೂನಿಗೆ ನೋಡುವ.”

ಮುಂದಿನ ವರ್ಷದ ಜೂನಿಗೆ ಅಣ್ಣನಿಗೆ ಎಂಬತ್ತು ತುಂಬಿರುತ್ತದೆ. ಈಗಲೇ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾನೆ. ಬೆಳ್ಳೂರಿನ ಗುಡ್ಡ ಹತ್ತಿದವನು! ನಾನು ಫೋನ್ ಇಟ್ಟೆ. ಅಂಗಳದಲ್ಲಿ ಬಿಸಿಲು ತೆಂಗಿನ ಬುಡದವರೆಗೆ ಸರಿದಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಆ ಹೊತ್ತನ್ನು ನಾನು ಬರೆದಿಡಲಿಲ್ಲ.

ಆಮೇಲೆ ಒಂದು ಯೋಚನೆ ಬಂತು. ಬಂದದ್ದಕ್ಕೆ ಸಂತೋಷಪಡಲೂ ನಾಚಿಕೆಯಾಗುವಷ್ಟು ಸಣ್ಣ ಯೋಚನೆ. ಸೂರ್ಯನನ್ನು ತಡೆದು ನಿಲ್ಲಿಸಲು ನಾರ್ವೆಯೇ ಬೇಕು. ಎಂಟೂವರೆಯ ಬೆಲ್ಲನ್ನು ಹಿಂದೆ ತರಲು ಏನು ಬೇಕು? ಹಗ್ಗ ನನ್ನ ಕೈಯಲ್ಲೇ ಇತ್ತಲ್ಲ, ಇಷ್ಟೂ ವರ್ಷ!

ನಾಲ್ಕೂವರೆಗೆ ಅನ್ನಕ್ಕೆ ನೀರಿಟ್ಟೆ. ಬಸಳೆ ಸಾರು, ಹಪ್ಪಳ. ಆರಕ್ಕೆ ಐದು ನಿಮಿಷ ಇರುವಾಗ ಬೆಲ್ ಬಾರಿಸಿದೆ.

ಮೊಮ್ಮಗಳು ಓಡಿ ಬಂದಳು. “ಅಜ್ಜೀ, ತಲೆ ಸರಿ ಉಂಟಾ? ಹೊರಗೆ ಬೆಳಕಿದೆ!”

“ಬಟ್ಟಲು ಹಾಕು. ನಾಲ್ಕು.”

ಮಗಳು ಕೋಣೆಯಿಂದ ಬಂದಳು. ನನ್ನ ಮುಖ ನೋಡಿ ಹಪ್ಪಳದ ತಟ್ಟೆ ತಂದಿಟ್ಟಳು. ಅಳಿಯನನ್ನು ಮೊಬೈಲಿನಲ್ಲಿ ಕರೆದು ನೀರಿನ ಚೆಂಬಿಗೆ ಒರಗಿಸಿದೆವು. ಅಲ್ಲಿ ಇನ್ನೂ ನಾಲ್ಕೂವರೆ. ಅವನು ಕೈಗೆ ಸಿಕ್ಕಿದ ಬಿಸ್ಕತ್ತು ಹಿಡಿದು ಕೂತ.

ಅಣ್ಣ ತನ್ನ ಬಟ್ಟಲು ತೆಗೆದುಕೊಳ್ಳಲು ಬಂದವನು ಬಾಗಿಲಲ್ಲೇ ನಿಂತ. ಎಲ್ಲರನ್ನೂ ನೋಡಿದ.

“ಯಾರು ತೀರಿಕೊಂಡದ್ದು?”

“ಯಾರೂ ತೀರಿಕೊಳ್ಳಲಿಲ್ಲ. ಕೂತುಕೋ.”

“ಮತ್ತೆ ಈ ಹೊತ್ತಿಗೆ ನೀವೆಲ್ಲ?”

“ಹಸಿವಾಯಿತು ಅಣ್ಣ” ಎಂದೆ. ಅವನಿಗೆ ಕುರ್ಚಿ ಎಳೆದು ಕೊಟ್ಟೆ.

ಅವನು ಕೂತ. ಪಡುವಣದ ಕಿಟಕಿಯ ಕಡೆ ಮುಖ ಮಾಡಿ ಅಲ್ಲ, ನಮ್ಮ ಕಡೆಗೆ. ಒಬ್ಬೊಬ್ಬರನ್ನೇ ಬೆರಳು ಆಡಿಸಿ ಎಣಿಸಿದ. ಮೊಬೈಲಿನ ಮೇಲೂ, ಕೊನೆಗೆ ತನ್ನ ಎದೆಯ ಮೇಲೂ ಬೆರಳು ನಿಂತಿತು. “ಐದು” ಎಂದ. ಆಮೇಲೆ ಬಸ್ಸು ಹೊರಡಿಸುವಾಗ ಕೊಡುವ ಡಬಲ್ ಬೆಲ್ಲಿನ ಹಾಗೆ ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಕುಟ್ಟಿದ.

ಮೊಮ್ಮಗಳು ತನ್ನ ಕ್ಲಾಸಿನ ಯಾವುದೋ ತಮಾಷೆ ಹೇಳಿದಳು. ಅಂಥ ದೊಡ್ಡ ತಮಾಷೆಯೇನಲ್ಲ. ಎಲ್ಲರಿಗಿಂತ ಮೊದಲು ನಕ್ಕದ್ದು ಅಣ್ಣ.

ಊಟ ಮುಗಿದಿತ್ತು, ಮಾತು ಮುಗಿದಿರಲಿಲ್ಲ; ಆರೂ ಮೂವತ್ತೈದಕ್ಕೆ ಕಿಟಕಿಯಲ್ಲಿ ಬೆಳಕು ಹೋಯಿತು. ಅವನು ನೋಡಲಿಲ್ಲ. ಏಳೂ ಹತ್ತಕ್ಕೆ ನಾಲ್ಕು ಬಟ್ಟಲನ್ನೂ ಒಟ್ಟಿಗೆ ತೊಳೆದು ಕವುಚಿ ಹಾಕಿದೆ.