ಸಿಟ್ಟಿಗೊಂದು ಮೈಕು

ನೀವೇ ನ್ಯಾಯ ಹೇಳಿ. ಸ್ವಂತ ಅಡುಗೆಮನೆಯಲ್ಲಿ ನಿಂತ ಹೆಂಗಸು ಸೀನಬಾರದು ಎಂದು ಯಾವ ಕಾನೂನಿನಲ್ಲಿದೆ? ನಮ್ಮ ಮನೆಯ ಕಾನೂನಿನಲ್ಲಿದೆ. ಮಿಕ್ಸಿ ಹಾಕಬಾರದು, ನಲ್ಲಿ ತಿರುಗಿಸಬಾರದು, ಪಾತ್ರೆ ಕೈಜಾರಬಾರದು, ಕುಕ್ಕರ್ ಕೂಗಬಾರದು. (ನನಗೇನೋ ಹೇಳಿದರು, ಕುಕ್ಕರಿಗೆ ಯಾರು ಹೇಳುವುದು?) ಯಾಕೆಂದರೆ ಒಳಗೆ ನಮ್ಮ ಯಜಮಾನರು ಪಾಡ್‌ಕಾಸ್ಟ್ ಮಾಡುತ್ತಿದ್ದಾರೆ! ಪಾಡ್‌ಕಾಸ್ಟ್ ಎಂದರೇನು ಎಂದು ತಿಳಿಯದವರಿಗೆ ಹೇಳಿಬಿಡುತ್ತೇನೆ: ಪಾಡೆಲ್ಲ ನಮ್ಮದು, ಕಾಸು ಮಾತ್ರ ಇನ್ನೂ ಬಂದಿಲ್ಲ.

ನಮ್ಮವರು ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾರುತ್ತಾರೆ. ಅಷ್ಟು ಮಾಡಿಕೊಂಡು ತೆಪ್ಪಗಿದ್ದಿದ್ದರೆ ಆಗುತ್ತಿತ್ತು. ಯಾರೋ ಪುಣ್ಯಾತ್ಮ "ಈಗಿನ ಕಾಲದಲ್ಲಿ ಸರಕು ಮಾರೋದಲ್ಲ ಸಾರ್, ಧ್ವನಿ ಮಾರಬೇಕು" ಎಂದು ಕಿವಿಯೂದಿದನಂತೆ. ಮಾರನೆಯ ದಿನವೇ ಮನೆಗೆ ಮೈಕು ಬಂತು, 'ಉದ್ಯಮ ಸಿಂಹ' ಎಂಬ ಕಾರ್ಯಕ್ರಮ ಹುಟ್ಟಿತು. ಸಿಂಹದ ಗುಹೆ ಯಾವುದು ಗೊತ್ತೆ? ನನ್ನ ಬಟ್ಟೆ ಬೀರು! ಸುತ್ತ ಬಟ್ಟೆಯಿದ್ದರೆ ದನಿ ಮಾರ್ದನಿಸುವುದಿಲ್ಲವಂತೆ. ನಾನು ಇಸ್ತ್ರಿ ಮಾಡಿ ತೂಗುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಸಿಂಹ ಗಂಟೆಗಟ್ಟಲೆ ಗರ್ಜಿಸುತ್ತದೆ.

ಮೊದಲ ದಿನ ಆ ಕಾಲುಗಳನ್ನು ಕಂಡ ನಮ್ಮತ್ತೆ ನನ್ನನ್ನು ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದರು.

"ಏನೇ, ಅವನು ಬೀರು ಒಳಗೆ ಯಾರ ಹತ್ರ ಮಾತಾಡ್ತಿದಾನೆ?"

"ಕೇಳುಗರ ಹತ್ರ ಅತ್ತೆ."

"ಅಲ್ಲಿ ಯಾರೂ ಇಲ್ವಲ್ಲೇ!"

"ಅದನ್ನೇ ನಾನೂ ಹೇಳ್ತಿರೋದು."

(ಅವರಿಗೂ ಶಿಕ್ಷೆ ತಪ್ಪಲಿಲ್ಲ. ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮತಕ್ಕದ್ದೆಂದು ಮಗರಾಯರ ಅಪ್ಪಣೆಯಾಗಿದೆ.)

ಹೀಗಿರುವಾಗ ತಂತ್ರಜ್ಞಾನ ಸಮ್ಮಿಲನ ಬಂತು. ಸುತ್ತಲಿನ ಊರುಗಳ ಸಾಫ್ಟ್‌ವೇರಿನವರೆಲ್ಲ ಒಂದು ದೊಡ್ಡ ಸಭಾಂಗಣದಲ್ಲಿ ಸೇರಿ ನೆಟ್‌ವರ್ಕಿಂಗ್ ಮಾಡುತ್ತಾರಂತೆ. ಹೋಗಿ ಕಣ್ಣಾರೆ ನೋಡಿದೆ. ನೆಟ್ಟಗೆ ಒಂದು ವರ್ಕೂ ಮಾಡದೆ, ಒಬ್ಬರ ಕೈಗೊಬ್ಬರು ಕಾರ್ಡು ತುರುಕಿ, ಮಾತಾಡುತ್ತಲೇ ಎದುರಿನವರ ಹೆಗಲ ಮೇಲಿಂದ ಇನ್ನೂ ದೊಡ್ಡವರು ಯಾರಾದರೂ ಬಂದರೇ ಎಂದು ಇಣುಕುವುದಕ್ಕೆ ಆ ಹೆಸರು. ನಮ್ಮವರಿಗೆ ಅಲ್ಲಿ ವೇದಿಕೆಯ ಮೇಲೆ, ಜನರೆದುರಿಗೇ ಪಾಡ್‌ಕಾಸ್ಟ್ ಮಾಡುವ ಅವಕಾಶ ಸಿಕ್ಕಿತ್ತು. ದೊಡ್ಡ ಗೋದಾಮು ಕಂಪನಿಯ ಮಾಲೀಕರೊಬ್ಬರು ಅತಿಥಿ. ನಾನು ವೈರಿನ ಚೀಲ ಹೊರುವವಳು. ನನ್ನ ಕೊರಳಿಗೆ ಹಾಕಿದ ಬ್ಯಾಡ್ಜಿನಲ್ಲಿ ಹೆಸರಿರಬೇಕಾದ ಕಡೆ 'ಸಾಮಗ್ರಿ' ಎಂದು ಅಚ್ಚಾಗಿತ್ತು. ಮೈಯೆಲ್ಲ ಉರಿದುಹೋಯಿತು. ಮನೆಗೆ ಹೋದ ಕೂಡಲೇ ಬೀರು ಬೇಕೋ ನಾನು ಬೇಕೋ ಎಂದು ಕೇಳಿಯೇಬಿಡುವುದೆಂದು ಅಲ್ಲೇ ತೀರ್ಮಾನಿಸಿದೆ.

ಅಷ್ಟರಲ್ಲಿ ಸಿಂಹ ಬೆವರೊರೆಸಿಕೊಳ್ಳುತ್ತ ಓಡಿಬಂತು.

"ಲೇ, ಗೋದಾಮಿನವರು ಬರಲ್ವಂತೆ. ಹೊಟ್ಟೆನೋವು ಅಂತ ಈಗ ಫೋನ್ ಮಾಡಿದ್ರು."

"ನಿಮ್ಮ ಹಳೇ ಕಾರ್ಯಕ್ರಮ ಕೇಳಿರ್ಬೇಕು."

"ತಮಾಷೆ ಬೇಡ. ನೀನೇ ಬಂದು ಕೂತ್ಕೋ."

"ನಾನಾ? ನಂಗೇನ್ರೀ ಗೊತ್ತು?"

"ಒಂದು ಸಂಸ್ಥೆ ನಡೆಸ್ತೀನಿ ಅನ್ನು. ಸುಳ್ಳೇನಲ್ವಲ್ಲ, ಮನೇನೂ ಒಂದು ಸಂಸ್ಥೆನೇ. ಕೇಳಿದ್ದಕ್ಕೆ ಒಂದೊಂದೇ ಮಾತಲ್ಲಿ ಉತ್ತರ ಕೊಟ್ರೆ ಸಾಕು. ಮಾನ ಉಳಿಸೇ!"

ಮಾನ ಉಳಿಸಲು ಹೋಗಿ ಕುಳಿತೆ. ಎದುರಿಗೆ ಕುರ್ಚಿ ತುಂಬ ಜನ. ನಮ್ಮವರು ಗಂಟಲನ್ನು ಸಿಂಹದ ಮಟ್ಟಕ್ಕೆ ಇಳಿಸಿಕೊಂಡು ಕೇಳಿದರು: "ಮೇಡಂ, ನಿಮ್ಮ ಸಂಸ್ಥೆ ಬೆಳವಣಿಗೆಗೆ ಇರೋ ಅತಿ ದೊಡ್ಡ ಅಡ್ಡಿ ಯಾವುದು?"

"ನೀವು," ಎಂದೆ.

ಆಣೆಗೂ ಒಂದೇ ಮಾತಿನಲ್ಲಿ ನಿಲ್ಲಿಸಬೇಕೆಂದಿದ್ದೆ. ಆದರೆ ಜನ ಗೊಳ್ಳೆಂದು ನಕ್ಕರು. ಆ ನಗು ಕಿವಿಗೆ ಬಿದ್ದದ್ದೇ ತಡ, ಇಷ್ಟು ದಿನ ಒಳಗೇ ಅದುಮಿಟ್ಟದ್ದೆಲ್ಲ ಕಟ್ಟೆಯೊಡೆಯಿತು. ನುಂಗಿಕೊಂಡ ಸೀನು, ಬಾಯಿ ಮುಚ್ಚಿಸಿಕೊಂಡ ಕುಕ್ಕರು, ಅತ್ತೆಯ ದಿಂಬು, ಎಲ್ಲವನ್ನೂ ಹೇಳಿದೆ. "ಕಸ ಹೊರಗೆ ಹಾಕಿ ಅಂದ್ರೆ, ಆ ವಿಭಾಗ ನಿನಗೆ ವಹಿಸಿದೀನಿ ಅಂತಾರೆ. ಸಮಯ ಪಾಲನೆ ಬಗ್ಗೆ ಲೋಕಕ್ಕೆಲ್ಲ ಪಾಠ, ಸ್ನಾನಕ್ಕೆ ಹೋಗಿ ಅಂತ ನಾವು ಬೆಳಗ್ಗೆಯಿಂದ ಅಂಗಲಾಚಬೇಕು! ನಿಮ್ಮನ್ನ ಕಟ್ಕೊಂಡು ನಾನು ಬೀರುವಿನಲ್ಲಿರೋ ಬಟ್ಟೆನೂ ಅನುಮತಿ ಕೇಳಿ ತಗೋಬೇಕಾಯ್ತಲ್ರೀ!" ಸಭಾಂಗಣ ಚಪ್ಪಾಳೆಗೆ ಅದುರಿತು. ನಮ್ಮವರ ಮುಖ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು. ಗೆದ್ದೆ ಎಂದುಕೊಂಡೆ.

ವೇದಿಕೆ ಇಳಿಯುವಷ್ಟರಲ್ಲಿ ಮೈಕು ತಯಾರಿಸುವ ಕಂಪನಿಯ ಒಡತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. ಒಬ್ಬರಾದರೂ ನನ್ನ ಸಂಕಟ ಅರಿತರಲ್ಲ ಎಂದು ನನಗೂ ಕಣ್ಣು ತುಂಬಿತು.

"ನಕ್ಕು ನಕ್ಕು ಸಾಕಾಯ್ತು ಕಣ್ರೀ! ಎಂಥಾ ನಟನೆ! ಇದನ್ನೆಲ್ಲ ಬರೆದುಕೊಟ್ಟಿದ್ದು ಯಾರು?"

"ನಾನೇ," ಎಂದರು ನಮ್ಮವರು ಹಿಂದಿನಿಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಬ್ಬರೂ ಕೈ ಕುಲುಕಿ ಆಗಿತ್ತು. ಇನ್ನು ಮೇಲೆ ವಾರ ವಾರವೂ ಈ 'ದಂಪತಿ ಕಲಹ' ಪ್ರಸಾರವಾಗಬೇಕು, ಖರ್ಚು ಕಂಪನಿಯದು. ನನ್ನ ಒಪ್ಪಿಗೆ? ಸಾಮಗ್ರಿಯನ್ನು ಯಾರಾದರೂ ಒಪ್ಪಿಗೆ ಕೇಳುತ್ತಾರೆಯೇ?

ಮನೆಗೆ ಬಂದವಳೇ ಚೀಲ ಎಸೆದೆ. "ನಾನು ನಟನೆ ಮಾಡಿದ್ನಾ? ನನ್ನ ಹೊಟ್ಟೆಯುರಿ ನೀವು ಬರೆದುಕೊಟ್ರಾ?" ಎಂದು ಶುರುಮಾಡಿದವಳು ಮದುವೆಯಾದ ದಿನದಿಂದ ಹಿಡಿದು ಒಂದನ್ನೂ ಬಿಡಲಿಲ್ಲ. ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅತ್ತೆ ಬಾಗಿಲಿಗೆ ಬಂದು ನಿಂತರು. ಇವರು ಎರಡೂ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ಕೇಳುತ್ತಿದ್ದರು. ಇಷ್ಟು ವರ್ಷಕ್ಕೆ ಒಮ್ಮೆ ಈ ಮನುಷ್ಯನಿಗೆ ನಾಚಿಕೆಯಾಯಿತಲ್ಲ ಎಂದು ನಾನೇ ಕರಗಿ ಸುಮ್ಮನಾದೆ.

ಇವರು ಮೆಲ್ಲನೆ ತಲೆಯೆತ್ತಿದರು. ಬೆನ್ನ ಹಿಂದಿನಿಂದ ಮೈಕು ಹೊರಗೆ ಬಂತು.

"ಅದ್ಭುತವಾಗಿ ಬಂತು ಕಣೇ! ಮಧ್ಯದಲ್ಲಿ ಹೊರಗೆ ಲಾರಿ ಹೋಗಿಬಿಡ್ತು, ಅಷ್ಟೇ. 'ನಿಮ್ಮನ್ನ ಕಟ್ಕೊಂಡು' ಅನ್ನೋ ಕಡೆಯಿಂದ ಇನ್ನೊಂದು ಸಲ ಬೈದ್ಬಿಡು. ಸಿಟ್ಟು ಕಡಿಮೆ ಮಾಡ್ಬೇಡ."

ಬೈಯದಿದ್ದರೆ ಇವರ ತಪ್ಪನ್ನೆಲ್ಲ ಮನ್ನಿಸಿದಂತೆ. ಬೈದರೆ ಇವರ ಉದ್ಯಮ ಬೆಳೆಸಿದಂತೆ. ಏನು ಮಾಡಲಿ ಎಂದು ಅತ್ತೆಯ ಮುಖ ನೋಡಿದೆ.

"ಆ 'ಕಟ್ಕೊಂಡು' ಅನ್ನೋದನ್ನ ಸ್ವಲ್ಪ ಎಳೆದು ಹೇಳೇ," ಎಂದರು ಅತ್ತೆ. "ಕೇಳೋಕೆ ಚೆನ್ನಾಗಿರುತ್ತೆ."

ಒಂದು ಲೋಟ ನೀರು ಕುಡಿದೆ. ಗಂಟಲು ಸರಿಮಾಡಿಕೊಂಡು ಮತ್ತೆ ಬೈಯತೊಡಗಿದೆ. ಎಳೆದೇ ಹೇಳಿದೆ.